ಬರೀದ್ ಶಾಹಿ ಪಾರ್ಕಿನಲ್ಲಿ ನಾಣ್ಯ ಹುಡುಕಬಹುದಾ?

ನಾನು ಬೀದರ ಜಿಲ್ಲೆಯವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವ ಎರಡು ಪ್ರಶ್ನೆಗಳು ಖಾಯಂ. "ಅದು ಮಹಾರಾಷ್ಟ್ರದಲ್ಲಿ ಬರುತ್ತಾ?" ಮತ್ತು "ಅಲ್ಲಿ ಕನ್ನಡ ಮಾತಾಡ್ತಾರಾ?" ಎರಡಕ್ಕೂ ಉತ್ತರ ಹೇಳಿ ಹೇಳಿ ಅಭ್ಯಾಸವಾಗಿದೆ. ಈಚೆಗೆ ಇನ್ನೊಂದು ಸೇರಿಕೊಂಡಿದೆ. "ಗುರು, ನಿಮ್ಮೂರಲ್ಲಿ ಸುಲ್ತಾನರು ಇದ್ರಲ್ಲ, ನೆಲ ಕೆದಕಿದ್ರೆ ನಾಣ್ಯ ಸಿಗಲ್ವಾ?"

ಕೇಳಿದವನು ನನ್ನ ಟೀಮಿನವನೇ. ಇಂಗ್ಲೆಂಡಿನಲ್ಲಿ ಯಾರೋ ಮೆಟಲ್ ಡಿಟೆಕ್ಟರ್ ಹಿಡಿದು ಹೊಲದಲ್ಲಿ ಅಡ್ಡಾಡಿ ರೋಮನ್ ನಾಣ್ಯ ತೆಗೆಯುವ ವಿಡಿಯೋಗಳನ್ನು ನೋಡಿ ಅವನಿಗೆ ಹುಚ್ಚು ಹಿಡಿದಿದೆ. ಯಂತ್ರ ಆನ್‌ಲೈನಿನಲ್ಲೇ ಸಿಗುತ್ತೆ, ದಸರಾ ರಜೆಗೆ ಬೀದರಿಗೆ ಹೋಗೋಣ, ಕೋಟೆ ಬೇಡ, ಅಲ್ಲಿ ಕಾವಲಿರುತ್ತೆ, ಯಾವುದಾದರೂ ಪಾರ್ಕು ಸಾಕು ಅಂತ ಪೂರ್ತಿ ಪ್ಲಾನ್ ಹಾಕಿಬಿಟ್ಟಿದ್ದ. ನಾನು ಆಗಲ್ಲ ಅಂದೆ. ಯಾಕೆ ಅಂತ ಕೇಳಿದ್ದಕ್ಕೆ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಭಾಷಣ ಮಾಡಬೇಕಾಯಿತು. ಕಾನೂನು ಒಂದು ಕಾರಣ, ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅವನಿಗೆ ಹೇಳಿದ್ದನ್ನೇ ಇನ್ನಷ್ಟು ವಿವರ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾರ್ಕಿನ ವಿಷಯ. ಬೀದರಿನಲ್ಲಿ ಪಾರ್ಕು ಅಂದರೆ ತಕ್ಷಣ ನೆನಪಾಗುವುದು ಊರಿನ ಪಶ್ಚಿಮಕ್ಕಿರುವ ಬರೀದ್ ಶಾಹಿ ಪಾರ್ಕು. ಬೆಳಿಗ್ಗೆ ವಾಕಿಂಗ್ ಮಾಡುವವರು, ಸಂಜೆ ಮಕ್ಕಳನ್ನು ಕರೆತರುವವರು, ಹುಲ್ಲಿನ ಮೇಲೆ ಕೂತು ಪರೀಕ್ಷೆಗೆ ಓದುವ ಹುಡುಗರು... ಎಲ್ಲ ಊರಿನ ಪಾರ್ಕಿನ ಹಾಗೇ. ವ್ಯತ್ಯಾಸ ಒಂದೇ, ಈ ಪಾರ್ಕಿನ ನಡುವೆ ಒಬ್ಬ ಸುಲ್ತಾನ ಮಲಗಿದ್ದಾನೆ. ಬರೀದ್ ಶಾಹಿಗಳಲ್ಲಿ ಮೊದಲ ಬಾರಿಗೆ 'ಶಾಹ' ಎಂಬ ಬಿರುದು ಧರಿಸಿದ ಅಲಿ ಬರೀದ್ (ಆಳ್ವಿಕೆ 1543-1580) ತಾನು ಬದುಕಿರುವಾಗಲೇ ಕಟ್ಟಿಸಿಕೊಂಡ ಸಮಾಧಿ ಅದು. ಹಿಜರಿ 984, ಅಂದರೆ 1576-77. ನಾಲ್ಕೂ ದಿಕ್ಕಿಗೆ ಗೋಡೆಯಿಲ್ಲದೆ ತೆರೆದ ಕಮಾನುಗಳಿರುವ ಕಟ್ಟಡ, ಸುತ್ತ ತೋಟ. ಅಂದರೆ ತೋಟ ಆಮೇಲೆ ಮುನಿಸಿಪಾಲಿಟಿಯವರಿಗೆ ಹೊಳೆದದ್ದಲ್ಲ, ಸಮಾಧಿಯ ಜೊತೆಗೇ ಹುಟ್ಟಿದ್ದು.

(ಹಿಜರಿ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಸುಲಭ ಸೂತ್ರ: ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. ಚಾಂದ್ರಮಾನದ ವರ್ಷ ಸುಮಾರು 354 ದಿನದ್ದು, ಅದಕ್ಕೇ ಈ ಗುಣಾಕಾರ. ಒಂದು ವರ್ಷ ಆಚೀಚೆ ಆಗಬಹುದು. ಹಳೇ ನಾಣ್ಯ ಓದುವವರಿಗೆ ಇದು ಮಗ್ಗಿ ಇದ್ದ ಹಾಗೆ.)

ಸುಮಾರು ನಾಲ್ಕೂವರೆ ಶತಮಾನ ಜನ ಓಡಾಡಿದ ನೆಲ. ಜನ ಓಡಾಡಿದಲ್ಲಿ ದುಡ್ಡು ಬಿದ್ದೇ ಬೀಳುತ್ತದೆ. ಹಾಗಾಗಿ ನನ್ನ ಗೆಳೆಯನ ಊಹೆಯಲ್ಲಿ ತಪ್ಪೇನಿಲ್ಲ.

ಬೀದರಿನಲ್ಲಿ ಎಷ್ಟು ಬಗೆಯ ದುಡ್ಡು ಓಡಾಡಿದೆ ನೋಡಿ. 1347ರಲ್ಲಿ ಗುಲಬರ್ಗದಲ್ಲಿ ಶುರುವಾದ ಬಹಮನಿ ರಾಜ್ಯದ ರಾಜಧಾನಿಯನ್ನು ಅಹ್ಮದ್ ಶಾಹ (1422-1436) ಬೀದರಿಗೆ ತಂದು ಊರಿಗೆ ಮುಹಮ್ಮದಾಬಾದ್ ಅಂತ ಹೆಸರಿಟ್ಟ. ಅವರ ಬೆಳ್ಳಿಯ ಟಂಕ ಸುಮಾರು 11 ಗ್ರಾಂ ತೂಗುತ್ತಿತ್ತು. ಸಂತೆ ಪೇಟೆಗೆ ತಾಮ್ರದ ಫುಲೂಸು. 1470ರ ದಶಕದ ಆರಂಭದಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಕುದುರೆಯನ್ನು ಕೊನೆಗೂ ಮಾರಿದ್ದು ಬೀದರಿನಲ್ಲೇ. ಅವನ ಕೈಗೆ ಬಂದ ದುಡ್ಡು ಇದೇ ಪೇಟೆಯ ದುಡ್ಡು. ಬಹಮನಿಗಳ ನಂತರ ಬರೀದ್ ಶಾಹಿಗಳು, 1619ರಲ್ಲಿ ಬಿಜಾಪುರದ ಆದಿಲ್ ಶಾಹಿಗಳು, 1657ರಲ್ಲಿ ಊರನ್ನು ಗೆದ್ದು ಜಫರಾಬಾದ್ ಅಂತ ಹೆಸರು ಬದಲಿಸಿದ ಔರಂಗಜೇಬ, ಆಮೇಲೆ ನಿಜಾಮರು. ಊರಿನ ಹೆಸರು ಬದಲಾದ ಹಾಗೆಲ್ಲ ನಾಣ್ಯವೂ ಬದಲಾಯಿತು.

ಕೊನೆಯದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ನಮ್ಮ ಮುತ್ಯಾ (ಅಜ್ಜ) ಭಾಲ್ಕಿಯವರು. ನಿಜಾಮರ ರೂಪಾಯಿಗೆ ಅವರು ಈಗಲೂ 'ಹಾಲಿ' ಅಂತಲೇ ಅನ್ನುತ್ತಾರೆ, ಬ್ರಿಟಿಷ್ ಇಂಡಿಯಾದ ರೂಪಾಯಿಗೆ 'ಕಲ್ದಾರ್'. "ಏಳು ಹಾಲಿ ಕೊಟ್ರ ಆರು ಕಲ್ದಾರ್ ಬರ್ತಿತ್ತಪ್ಪ" ಅನ್ನುವುದು ಅವರ ಬಾಯಲ್ಲಿ ಗಾದೆಯ ಹಾಗೆ ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ, ವಿನಿಮಯ ದರ ಅಷ್ಟೇ ಇತ್ತು. ಹಾಲಿ ಸಿಕ್ಕಾದ ಮೇಲೆ ಚಾರ್‌ಮಿನಾರಿನ ಚಿತ್ರ. ಆ ಚಾರ್‌ಮಿನಾರಿನ ಬಾಗಿಲ ಕಮಾನಿನೊಳಗೆ ಸಣ್ಣದೊಂದು ಅಕ್ಷರ ಇರುತ್ತದೆ. 'ಮೀಮ್' ಇದ್ದರೆ ಮಹಬೂಬ್ ಅಲಿ ಖಾನರ ಕಾಲದ್ದು, 'ಐನ್' ಇದ್ದರೆ 1911ರಲ್ಲಿ ಗದ್ದುಗೆಗೆ ಬಂದ ಉಸ್ಮಾನ್ ಅಲಿ ಖಾನರ ಕಾಲದ್ದು. ಉರ್ದು ಬರದ ನನಗೆ ಆ ಎರಡು ಅಕ್ಷರ ಕಲಿಸಿದ್ದು ಮುತ್ಯಾನೇ, ಅದೂ ನಾಣ್ಯ ತೋರಿಸಿ.

ಇನ್ನು ಯಂತ್ರ. ಎಂಜಿನಿಯರಿಂಗ್ ಓದಿದ ತಪ್ಪಿಗೆ ಇದನ್ನು ಹೇಳದೆ ಬಿಡಲು ಮನಸ್ಸಿಲ್ಲ :) ಮೆಟಲ್ ಡಿಟೆಕ್ಟರಿನ ತುದಿಯ ಬಳೆಯಲ್ಲಿ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ ಹರಿಯುತ್ತದೆ, ಹಾಗಾಗಿ ಸುತ್ತ ಕಾಂತಕ್ಷೇತ್ರ ಏರುತ್ತ ಇಳಿಯುತ್ತ ಇರುತ್ತದೆ. ಆ ಕ್ಷೇತ್ರದೊಳಗೆ ಲೋಹದ ತುಂಡು ಸಿಕ್ಕರೆ ಅದರ ಮೈಯಲ್ಲಿ ಸುಳಿಯಂತೆ ಸಣ್ಣ ಪ್ರವಾಹ ಹುಟ್ಟುತ್ತದೆ. ಅದು ತನ್ನದೇ ಪುಟ್ಟ ಕಾಂತಕ್ಷೇತ್ರ ಹೊರಡಿಸುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿದು 'ಬೀಪ್' ಅನ್ನುತ್ತದೆ. ಬೆಳ್ಳಿ, ತಾಮ್ರ, ಕಬ್ಬಿಣ ಒಂದೊಂದೂ ಒಂದೊಂದು ರೀತಿ ತಡವಾಗಿ ಉತ್ತರ ಕೊಡುವುದರಿಂದ ಯಂತ್ರ ಇದು ಇಂಥ ಲೋಹ ಇರಬಹುದು ಅಂತ ಅಂದಾಜು ಮಾಡುತ್ತದೆ. ಹವ್ಯಾಸಿಗಳ ಯಂತ್ರಕ್ಕೆ ನಾಣ್ಯದಷ್ಟು ಚಿಕ್ಕ ವಸ್ತು ಕಾಣುವುದು ಸುಮಾರು ಒಂದು ಗೇಣು ಆಳದವರೆಗೆ ಮಾತ್ರ.

ಈ ವಿದ್ಯೆಯ ಮೊದಲ ದೊಡ್ಡ ಪ್ರಯೋಗ ನಾಣ್ಯಕ್ಕಲ್ಲ, ಗುಂಡಿಗೆ! 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯೊಳಗೆ ಸಿಕ್ಕಿಕೊಂಡಿದ್ದ ಗುಂಡು ಹುಡುಕಲು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಇಂಥದ್ದೊಂದು ಯಂತ್ರ ಮಾಡಿಕೊಂಡು ಹೋಗಿದ್ದ. ಗುಂಡು ಸಿಗಲಿಲ್ಲ, ಅಧ್ಯಕ್ಷರೂ ಉಳಿಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನೆಲಬಾಂಬು ಹುಡುಕಲು ಇದೇ ತತ್ವ ಸೈನ್ಯಕ್ಕೆ ಬಂತು. ಯುದ್ಧ ಮುಗಿದ ಮೇಲೆ ಹವ್ಯಾಸಿಗಳ ಕೈಗೆ ಬಂತು.

ನಮ್ಮ ಬೀದರಿನಲ್ಲಿ ಈ ಯಂತ್ರಕ್ಕೆ ಸ್ವಲ್ಪ ಕಷ್ಟವೂ ಇದೆ. ಊರು ಕೂತಿರುವುದೇ ಜಂಬಿಟ್ಟಿಗೆಯ ಕೆಂಪು ದಿಬ್ಬದ ಮೇಲೆ. ಕೋಟೆಯ ಕಂದಕ ಕೊರೆದಿರುವುದೂ ಅದೇ ಕಲ್ಲಿನಲ್ಲಿ. ಅದರ ಮೈತುಂಬ ಕಬ್ಬಿಣದ ಅಂಶ, ಹಾಗಾಗಿ ನೆಲವೇ ಯಂತ್ರಕ್ಕೆ ಸುಳ್ಳು ಉತ್ತರ ಕೊಡುತ್ತದೆ. ಭಾಲ್ಕಿ, ಔರಾದ ಕಡೆಗೆ ಹೋದರೆ ಎರೆಮಣ್ಣು. ಅದರ ಗುಣ ಬೇರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮೇಲಿದ್ದ ವಸ್ತು ಒಳಗೆ ಜಾರುತ್ತದೆ, ಮಳೆ ಬಂದಾಗ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಹೊಲ ಉಳುವಾಗ ಹಳೇ ದುಡ್ಡು ಮೇಲೆ ಬಂದರೆ ಅದರಲ್ಲಿ ಆಶ್ಚರ್ಯ ಇಲ್ಲ, ಮಣ್ಣು ತಾನೇ ತನ್ನನ್ನು ಮಗುಚಿಕೊಳ್ಳುತ್ತಿರುತ್ತದೆ.

ಈಗ ಮುಖ್ಯ ವಿಷಯ. ಬರೀದ್ ಶಾಹಿ ಪಾರ್ಕಿನಲ್ಲಿ ಒಂದು ತಾಮ್ರದ ನಾಣ್ಯ ಸಿಕ್ಕಿತು ಅಂತಿಟ್ಟುಕೊಳ್ಳಿ. ತೊಳೆದು ಓದಿದರೆ ಬಹಮನಿ ಸುಲ್ತಾನ ಮಹಮೂದ್ ಶಾಹ (1482-1518) ಅಂತ ಹೆಸರಿದೆ. ಖುಷಿಯಾಗುತ್ತದೆ. ಆದರೆ ಆ ನಾಣ್ಯ ಹೇಳುವುದು ಅರ್ಧ ಸತ್ಯ. ಆ ಸುಲ್ತಾನ ಹೆಸರಿಗೆ ಮಾತ್ರ ಸುಲ್ತಾನ. ಅಧಿಕಾರವೆಲ್ಲ ಮೊದಲು ಕಾಸಿಮ್ ಬರೀದ್, ಆಮೇಲೆ ಅವನ ಮಗ ಅಮೀರ್ ಬರೀದ್ ಕೈಯಲ್ಲಿತ್ತು. ಬಿಜಾಪುರ, ಅಹಮದ್‌ನಗರ, ಬೇರಾರಿನ ಅಧಿಕಾರಿಗಳು ತಮ್ಮ ತಮ್ಮ ದಾರಿ ಹಿಡಿದಿದ್ದರು. ಅಂಥ ಹೊತ್ತಿನಲ್ಲಿ ಈ ಕೈಗೊಂಬೆಯ ಹೆಸರಿನ ದುಡ್ಡು ಎಲ್ಲಿಯವರೆಗೆ ನಡೆಯುತ್ತಿತ್ತು? ಎಷ್ಟು ವರ್ಷ ನಡೆಯಿತು? ಅವನು ಸತ್ತು ಐವತ್ತು ವರ್ಷ ಕಳೆದ ಮೇಲೆ ಹಾಕಿದ ತೋಟದಲ್ಲಿ ಅದು ಯಾರ ಜೇಬಿನಿಂದ ಬಿತ್ತು? ಈ ಪ್ರಶ್ನೆಗಳಿಗೆ ನಾಣ್ಯ ಉತ್ತರ ಹೇಳುವುದಿಲ್ಲ, ಅದು ಮಲಗಿದ್ದ ಜಾಗ ಹೇಳುತ್ತದೆ. ಯಾವ ಪದರದಲ್ಲಿತ್ತು, ಮೇಲೇನಿತ್ತು, ಕೆಳಗೇನಿತ್ತು, ಪಕ್ಕದಲ್ಲಿ ಒಡೆದ ಮಡಕೆಯ ಚೂರಿತ್ತಾ, ಹಳೆಯ ನೀರಿನ ಕಾಲುವೆಯ ಗಾರೆ ಇತ್ತಾ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸರ್ವರ್ ಲಾಗಿನಿಂದ ಒಂದೇ ಒಂದು ಸಾಲು ಕಿತ್ತುಕೊಂಡು, ಅದರ ಸಮಯ, ಅದು ಬಂದ ಮೆಷಿನ್ ಹೆಸರು ಎಲ್ಲ ಅಳಿಸಿ, "ಎರರ್ ಯಾಕೆ ಬಂತು ಹೇಳು" ಅಂತ ಕೇಳಿದ ಹಾಗೆ. ಸಾಲು ನಿಜವೇ, ಆದರೆ ಉಪಯೋಗಕ್ಕೆ ಬಾರದ್ದು. ಡಿಟೆಕ್ಟರ್ ಹಿಡಿದವನು ಗುದ್ದಲಿ ಹಾಕಿದ ಹತ್ತು ಸೆಕೆಂಡಿನಲ್ಲಿ ಉಳಿದೆಲ್ಲವೂ ಅಳಿದುಹೋಗುತ್ತದೆ. ಬ್ಯಾಕಪ್ ಇಲ್ಲ.

ಇದೆಲ್ಲ ಬರೀ ವಿದ್ವಾಂಸರ ತಲೆನೋವಲ್ಲವಾ ಅಂತ ನನ್ನ ಗೆಳೆಯ ಕೇಳಿದ. ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ, ಅದೂ ನಾಣ್ಯದ್ದೇ.

ಬಹಮನಿಗಳ ಇತಿಹಾಸ ಬರೆದ ಫೆರಿಷ್ತಾ ಒಂದು ಭಯಂಕರ ಸಂಗತಿ ಹೇಳುತ್ತಾನೆ. ಎರಡನೇ ಸುಲ್ತಾನ ಮೊದಲನೇ ಮುಹಮ್ಮದ್ ಶಾಹ (1358-1375) ಹೊರಡಿಸಿದ ನಾಣ್ಯಗಳನ್ನು ಇಲ್ಲಿನ ಹಿಂದೂ ಸಾಹುಕಾರರು, ಅಕ್ಕಸಾಲಿಗರು ಕರಗಿಸಿಬಿಡುತ್ತಿದ್ದರಂತೆ, ವಿಜಯನಗರದ ಮತ್ತು ತೆಲಂಗಾಣದ ಅರಸರ ಹೊನ್ನೇ ಪೇಟೆಯಲ್ಲಿ ನಡೆಯಲಿ ಅಂತ. ಎಚ್ಚರಿಕೆ ಕೊಟ್ಟರೂ ನಿಲ್ಲಲಿಲ್ಲ. 1360ರ ಮೇ ತಿಂಗಳಲ್ಲಿ ಸುಲ್ತಾನ ಅವರನ್ನೆಲ್ಲ ಕೊಲ್ಲಿಸಿ, ಉತ್ತರದಿಂದ ಬಂದಿದ್ದ ಖತ್ರಿಗಳಿಗೆ ಆ ಕಸುಬು ವಹಿಸಿದ ಅಂತ ಕಥೆ.

ಇದನ್ನು ಓದಿದವರು ತಂತಮ್ಮ ಒಲವಿನಂತೆ ಅರ್ಥ ಮಾಡಿಕೊಂಡಿದ್ದಾರೆ. ಆದರೆ ಫೆರಿಷ್ತಾ ಬರೆದದ್ದು ಬಿಜಾಪುರದ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ, 17ನೇ ಶತಮಾನದ ಆರಂಭದಲ್ಲಿ, ಘಟನೆ ನಡೆದು ಸುಮಾರು ಇನ್ನೂರೈವತ್ತು ವರ್ಷದ ಮೇಲೆ. ನಂಬಬೇಕಾ ಬಿಡಬೇಕಾ? ಪುಸ್ತಕದ ಎದುರು ಇನ್ನೊಂದು ಪುಸ್ತಕ ಇಟ್ಟರೆ ಜಗಳ ಮುಗಿಯುವುದಿಲ್ಲ. ಇಲ್ಲಿ ಸಹಾಯಕ್ಕೆ ಬಂದದ್ದು ನೆಲದಲ್ಲಿ ಒಟ್ಟಿಗೆ ಸಿಕ್ಕ ನಾಣ್ಯಗಳ ಗಂಟುಗಳು. ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ನಿಧಿಗಳ ಆಧಾರದ ಮೇಲೆ ತೋರಿಸಿದ್ದು ಏನೆಂದರೆ, ವಿಜಯನಗರದ ಹೊನ್ನು ಬಹಮನಿ ಸೀಮೆಯೊಳಗೂ ಧಾರಾಳವಾಗಿ ಓಡಾಡುತ್ತಿತ್ತು, ಅಲ್ಲಿನ ಹಣದ ವ್ಯವಸ್ಥೆಯ ಭಾಗವೇ ಆಗಿತ್ತು. ಕೃಷ್ಣಾ ನದಿಯ ಎರಡೂ ದಂಡೆಯಲ್ಲಿ ಸೈನ್ಯಗಳು ಕಾದಾಡುತ್ತಿದ್ದಾಗಲೂ ಪೇಟೆಯ ಜನ ಪರಸ್ಪರರ ಚಿನ್ನವನ್ನು ನಂಬುತ್ತಿದ್ದರು!

ನಮ್ಮ ಇತಿಹಾಸದ ಬಗ್ಗೆ ಇವತ್ತು ದಿನಾ ನಡೆಯುವ ಜಗಳಗಳಲ್ಲಿ ಇಂಥ ಒಂದು ಸಾಕ್ಷಿಗೆ ಎಷ್ಟು ಬೆಲೆ ಯೋಚಿಸಿ. ಆ ಗಂಟುಗಳು ಎಲ್ಲಿ ಸಿಕ್ಕವು, ಯಾವ ನಾಣ್ಯದ ಜೊತೆ ಯಾವುದಿತ್ತು ಅಂತ ಯಾರೋ ಬರೆದಿಟ್ಟಿದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಅದೇ ಹೊನ್ನುಗಳು ಒಂದೊಂದಾಗಿ ಮಾರಾಟವಾಗಿದ್ದರೆ 'ವಿಜಯನಗರದ ನಾಣ್ಯ, ಒಳ್ಳೆಯ ಸ್ಥಿತಿಯಲ್ಲಿದೆ' ಅನ್ನುವ ಚೀಟಿಗಿಂತ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ ಅದೂ ಇಲ್ಲ.

ಇನ್ನೊಂದು ಮಾತು. ದಾರಿಯಲ್ಲಿ ಬಿದ್ದ ಒಂಟಿ ನಾಣ್ಯ ಬೇರೆ, ಮಡಕೆಯಲ್ಲಿಟ್ಟು ಹೂತ ನಾಣ್ಯ ಬೇರೆ. ಮೊದಲನೆಯದು ಮರೆವು. ಎರಡನೆಯದು ಭಯ. ಯಾರೂ ದುಡ್ಡನ್ನು ನೆಲದಲ್ಲೇ ಬಿಟ್ಟುಹೋಗಲು ಹೂಳುವುದಿಲ್ಲ, ವಾಪಸ್ ಬಂದು ತೆಗೆಯಲು ಹೂಳುತ್ತಾರೆ. ಇವತ್ತು ನಮಗೆ ಸಿಗುತ್ತದೆ ಅಂದರೆ ಅವರು ವಾಪಸ್ ಬರಲಿಲ್ಲ ಅಂತ ಅರ್ಥ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬಹಮನಿ ಕಾಲದವರೆಗೆ ಹೋಗಬೇಕಿಲ್ಲ. 1948 ಸಾಕು. ಆ ವರ್ಷದ ಮೊದಲ ತಿಂಗಳುಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ಹಳ್ಳಿ ಬಿಟ್ಟವರು ಎಷ್ಟೋ ಜನ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ಬಂದ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಆಗ ಮುತ್ಯಾ ಸಣ್ಣ ಹುಡುಗ. ಅವರ ಮನೆಯಲ್ಲಿ ಒಲೆಯ ಪಕ್ಕ ನೆಲ ಅಗೆದು ಹಿತ್ತಾಳೆಯ ಚೊಂಬಿನಲ್ಲಿ ಹಾಲಿ ರೂಪಾಯಿಗಳನ್ನು ಹೂತಿಟ್ಟು ರಾತ್ರೋರಾತ್ರಿ ನೆಂಟರ ಊರಿಗೆ ಹೋದರಂತೆ. ಅವರು ವಾಪಸ್ ಬಂದರು, ಚೊಂಬು ಸಿಕ್ಕಿತು. ಓಣಿಯಲ್ಲಿ ಎರಡು ಮನೆಯವರು ಬರಲಿಲ್ಲ. "ಅವರ ಮನ್ಯಾಗೂ ಇಟ್ಟಿರ್ತಾರ, ಯಾರ್ ನೋಡ್ಯಾರ?" ಅಂತ ಹೇಳಿ ಮುತ್ಯಾ ಸುಮ್ಮನಾಗುತ್ತಾರೆ. ನಿಧಿ ಅನ್ನುವ ಮಾತು ಕೇಳಿದರೆ ನನಗೆ ಚಿನ್ನ ನೆನಪಾಗುವುದಿಲ್ಲ, ಆ ಎರಡು ಮನೆ ನೆನಪಾಗುತ್ತವೆ.

ಕಾನೂನಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಯಾಕಂದರೆ ಯಂತ್ರ ಮಾರುವವರು ಇದನ್ನು ಹೇಳುವುದಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಪ್ರಕಾರ ಸಂರಕ್ಷಿತ ಜಾಗದಲ್ಲಿ ಪರವಾನಗಿ ಇಲ್ಲದೆ ಅಗೆಯುವಂತಿಲ್ಲ. 2010ರ ತಿದ್ದುಪಡಿಯ ಮೇಲೆ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಬರೀದ್ ಶಾಹಿ ಪಾರ್ಕು ಹೂಗಿಡ ಇರುವ ಉದ್ಯಾನ ಅನ್ನಿಸಿದರೂ ಅದು ಸ್ಮಾರಕದ ಅಂಗಳ. ಹಾಗಾದರೆ ಹೊಲದಲ್ಲೋ ಮನೆಯ ಪಾಯದಲ್ಲೋ ಆಕಸ್ಮಿಕವಾಗಿ ಸಿಕ್ಕರೆ? ಬ್ರಿಟಿಷರ 1878ರ ನಿಧಿ ಕಾಯಿದೆಯ ಕಾಲದಿಂದ ಬಂದ ಪದ್ಧತಿ ಒಂದೇ: ಮೊದಲು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯಿದೆಯೂ ಇದೆ. ತಿಳಿಸಿದವನಿಗೆ ಏನೂ ಸಿಗುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. 1878ರ ಕಾಯಿದೆಯಲ್ಲೇ ಸರ್ಕಾರ ನಿಧಿಯನ್ನು ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು ಅಂತಿದೆ. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಆದರೆ ಕಚೇರಿ ಅಲೆದಾಟಕ್ಕೆ ಹೆದರಿ, ಹೊಲವೇ ಕೈತಪ್ಪೀತು ಅಂತ ಗಾಬರಿಯಾಗಿ ಜನ ಸುಮ್ಮನಿರುತ್ತಾರೆ ಅನ್ನುವುದೂ ನಿಜ. ಆ ಭಯ ಹೋಗದೆ ಕಾಯಿದೆ ಒಂದರಿಂದಲೇ ಕೆಲಸ ಆಗುವುದಿಲ್ಲ.

ನನ್ನ ಗೆಳೆಯ ಇಂಗ್ಲೆಂಡ್ ಇಂಗ್ಲೆಂಡ್ ಅನ್ನುತ್ತಿದ್ದನಲ್ಲ, ಅಲ್ಲಿ ಏನಿದೆ ನೋಡೋಣ. ಅಲ್ಲಿ 1996ರಲ್ಲಿ ಹೊಸ ನಿಧಿ ಕಾಯಿದೆ ಬಂತು. 1997ರಿಂದ, ಸಿಕ್ಕ ವಸ್ತು ನಿಧಿಯಲ್ಲದಿದ್ದರೂ ಸ್ವಇಚ್ಛೆಯಿಂದ ತಂದು ದಾಖಲಿಸುವ ವ್ಯವಸ್ಥೆ ಇದೆ. ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು, ಸಿಕ್ಕ ಜಾಗದ ಸಮೇತ, ದಾಖಲಾಗಿವೆ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಡಿಟೆಕ್ಟರಿಗೆ ಸಿಕ್ಕ ಚಿನ್ನದ ನಿಧಿಗೆ ಸುಮಾರು 33 ಲಕ್ಷ ಪೌಂಡ್ ಬೆಲೆ ಕಟ್ಟಿ, ಹುಡುಕಿದವನಿಗೂ ಹೊಲದ ಮಾಲೀಕನಿಗೂ ಹಂಚಲಾಯಿತು. ಆದರೆ ಅದೇ ಇಂಗ್ಲೆಂಡಿನಲ್ಲಿ ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ, ಅಗೆಯುವ ಮಾತು ಆಮೇಲಿನದು. ವಿಡಿಯೋದಲ್ಲಿ ಇದು ಕಾಣುವುದಿಲ್ಲ ಅಷ್ಟೇ.

ಯಂತ್ರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಎಂಬಲ್ಲಿ 1876ರಲ್ಲಿ ಮೂಲನಿವಾಸಿಗಳ ಕೈಯಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯ ತುಕಡಿ ಪೂರ್ತಿ ನಾಶವಾಯಿತು. 1983ರಲ್ಲಿ ಅಲ್ಲಿನ ಹುಲ್ಲುಗಾವಲು ಸುಟ್ಟುಹೋದಾಗ, ಮರುವರ್ಷ ಪುರಾತತ್ವ ತಜ್ಞರು ಸ್ವಯಂಸೇವಕರ ಕೈಗೆ ಡಿಟೆಕ್ಟರ್ ಕೊಟ್ಟು ಸಾಲಾಗಿ ನಡೆಸಿದರು. ಬೀಪ್ ಬಂದಲ್ಲಿ ಬಾವುಟ ನೆಟ್ಟು, ಪ್ರತಿಯೊಂದು ಗುಂಡು, ತೋಟಾಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದ ಮೇಲೆಯೇ ಎತ್ತಿದರು. ತೋಟಾದ ಹಿಂಭಾಗದ ಗುರುತು ಹೋಲಿಸಿ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಓಡಿತು ಅಂತ ಕಂಡುಕೊಂಡರು. ನೂರು ವರ್ಷದಿಂದ ಹೇಳಿಕೊಂಡು ಬಂದಿದ್ದ ಯುದ್ಧದ ಕಥೆಯನ್ನು ತಿದ್ದಬೇಕಾಯಿತು. ಯಂತ್ರ ಅದೇ, ಬರೆದಿಟ್ಟುಕೊಳ್ಳುವ ಶಿಸ್ತು ಮಾತ್ರ ಹೆಚ್ಚು.

ಹುಡುಕಾಟದ ವಿಷಯದಲ್ಲಿ ನಮ್ಮ ಹಳೇ ಹೈದರಾಬಾದ್ ಸಂಸ್ಥಾನದಲ್ಲೇ ಒಂದು ಚಂದದ ಪ್ರಸಂಗ ಇದೆ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತ ಗುಡ್ಡ ಅಲೆಯುತ್ತಿದ್ದ. ಬಂಡೆಯ ಮೇಲೆ ಅಕ್ಷರ ಕಂಡವು. ತಿಳಿದವರಿಗೆ ಸುದ್ದಿ ಮುಟ್ಟಿತು, ಎಚ್. ಕೃಷ್ಣಶಾಸ್ತ್ರಿಗಳು ಓದಿದರು. ಅಲ್ಲಿಯವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ ಪ್ರಿಯದರ್ಶಿ' ಅಂತ ಮಾತ್ರ ಕಾಣುತ್ತಿದ್ದ ದೊರೆ 'ಅಸೋಕ' ಎಂಬ ಹೆಸರಿನಿಂದಲೇ ಅಲ್ಲಿದ್ದ. ಬಂಡೆ ಇದ್ದ ಜಾಗದಲ್ಲೇ ಇವತ್ತಿಗೂ ಇದೆ. ಎಂಜಿನಿಯರುಗಳ ಮರ್ಯಾದೆ ಉಳಿಸಿದ ಪುಣ್ಯಾತ್ಮ!

ಕೊನೆಗೆ ಗೆಳೆಯನಿಗೆ ಹೇಳಿದ್ದು ಇಷ್ಟು. ದಸರಾಕ್ಕೆ ಬೀದರಿಗೆ ಖಂಡಿತ ಬಾ, ಯಂತ್ರ ಬೇಡ. ಕೋಟೆಯೊಳಗೆ ಹಳೆಯ ಶಾಹಿ ಹಮಾಮಿನಲ್ಲಿ ಮ್ಯೂಸಿಯಂ ಇದೆ, ನೋಡೋಣ. ಬಿದ್ರಿ ಕೆಲಸದವರ ಓಣಿಗೂ ಹೋಗೋಣ. ಸತು ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದಿದಾಗ ಪಾತ್ರೆ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಣ್ಣನ್ನು ನಾಲಗೆಗೆ ಹಚ್ಚಿ ನೋಡಿ ಆರಿಸುವ ಕಸುಬುದಾರರು ನಮ್ಮೂರಿನಲ್ಲಿದ್ದಾರೆ. ಆಮೇಲೆ ಭಾಲ್ಕಿಗೆ ಹೋಗಿ ಮುತ್ಯಾನ ಹತ್ತಿರ ಕೂರೋಣ.

ನಿಮ್ಮ ಮನೆಗಳಲ್ಲೂ ದೇವರ ಪೆಟ್ಟಿಗೆಯಲ್ಲೋ, ಅಜ್ಜಿಯ ಸಂಚಿಯಲ್ಲೋ ಹಳೇ ನಾಣ್ಯ ಇದ್ದೇ ಇರುತ್ತವೆ. ದಯವಿಟ್ಟು ಹುಣಿಸೆಹಣ್ಣು ಹಚ್ಚಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಅದು ಯಾರ ಕೈಯಿಂದ ಬಂತು, ಯಾವ ಊರಿನಲ್ಲಿತ್ತು, ಯಾವಾಗ ಅಂತ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮುತ್ಯಾನ ಚೊಂಬಿನ ಹದಿನಾಲ್ಕು ಹಾಲಿ ರೂಪಾಯಿಗೂ ಹೋದ ಸಲ ಊರಿಗೆ ಹೋದಾಗ ಚೀಟಿ ಮಾಡಿಟ್ಟು ಬಂದೆ. ಒಲೆ ಎಲ್ಲಿತ್ತು ಅಂತ ಮನೆಯ ನಕ್ಷೆಯನ್ನೂ ಮುತ್ಯಾನೇ ಬರೆದುಕೊಟ್ಟರು, ಓಣಿಯ ಆ ಎರಡು ಮನೆಗಳನ್ನೂ ಸೇರಿಸಿ.